ಗೋದಾಮಿನ ಗೋಡೆಯ ಎಣ್ಣೆ ಗುರುತು

2025ರ ಜನವರಿ 12, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಫರ್ಹತ್ ಬಲಗೈಯ ಬೆರಳುಗಳನ್ನು ಶೇಂಗಾ ಎಣ್ಣೆಯ ಬಟ್ಟಲಲ್ಲಿ ಅದ್ದಿದಳು.

ಚಳ್ಳಕೆರೆಯ ಜಯದೇವಪ್ಪನವರ ಎಣ್ಣೆ ಗಿರಣಿಯ ಹಿಂದೆ ಶೇಂಗಾ ಒಣಗಿಸುವ ಕಣವೇ ವೇದಾವತಿ ತಂಡದ ಬ್ಯಾಸ್ಕೆಟ್‌ಬಾಲ್ ಅಂಗಳ. ಮಹಿಳೆಯರ ವೃತ್ತಿಪರ ಲೀಗ್‌ನಲ್ಲಿ ಆಡುವ ತಂಡ ಅದು. ಸಂಬಳ ಕೊಡುವವರು ಜಯದೇವಪ್ಪ. ಪ್ರತಿ ವರ್ಷ ಹನ್ನೆರಡು ಜನರನ್ನು ಆರಿಸುವ ದಿನ, ಹಳೆಯ ಆಟಗಾರ್ತಿಯರೆಲ್ಲ ಎಣ್ಣೆ ಹಚ್ಚಿದ ಬೆರಳಿನಿಂದ ಗೋದಾಮಿನ ಗೋಡೆಯನ್ನು ಹಾರಿ ಮುಟ್ಟಬೇಕು. ತಮ್ಮದೇ ಹಿಂದಿನ ಅತಿ ಎತ್ತರದ ಗುರುತಿಗಿಂತ ಎರಡು ಬೆರಳಿಗೂ ಹೆಚ್ಚು ಕೆಳಗೆ ಉಳಿದವರಿಗೆ ಆ ವರ್ಷ ಜಾಗವಿಲ್ಲ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಎಣ್ಣೆ ಮುಚ್ಚಿಹೋಗುವುದಿಲ್ಲ. ಬೇಸಿಗೆ ಬಂದರೆ ಹಳೆಯ ಬೆರಳುಗಳು ಮತ್ತೆ ಮೂಡುತ್ತವೆ. ಎಲ್ಲಕ್ಕೂ ಮೇಲಿನದು ಫರ್ಹತಳದು, ತಂಡ ಕಪ್ ಗೆದ್ದ 2016ರದು.

ಈಗ ಅವಳಿಗೆ ಮೂವತ್ನಾಲ್ಕು. ಹೋದ ವರ್ಷ ಮೊಣಕಾಲಿನ ಆಪರೇಷನ್ ಆಗಿ ಒಂದೂ ಪಂದ್ಯ ಆಡಿರಲಿಲ್ಲ. ಈ ಸಲ ಜಾಗ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಕೋಚ್ ಮಂಗಳಗೌರಿಗೂ ಗೊತ್ತಿತ್ತು.

ಫರ್ಹತ್ ಹಾರಿದಳು. ಹೊಸ ಎಣ್ಣೆ ಹಳೆಯ ಕಲೆಯ ಮೇಲೆಯೇ ಕೂತಿತು.

"ಲೇ, ನೋಡ್ರಲೇ!" ಜಯದೇವಪ್ಪ ಚಪ್ಪಾಳೆ ತಟ್ಟಿದರು. "ಉಳಿದೋರೆಲ್ಲ ಹಳೇ ಗುರುತು ದಾಟಿದ್ರು, ಇವಳು ತನ್ನ ಗುರುತನ್ನೇ ಮುಟ್ಟಿದ್ಲು. ಎಲ್ಲಾ ನನ್ನ ಶೇಂಗಾ ಚಿಕ್ಕಿ ಮಹಿಮೆ!"

ಎಲ್ಲರೂ ನಕ್ಕರು. ಮಂಗಳಗೌರಿ ನಗಲಿಲ್ಲ. ಅವಳು ಫಿಸಿಕ್ಸ್ ಓದಿದವಳು. ಅಳತೆಗಳಲ್ಲಿ ಒಂದು ಹೆಚ್ಚು ಬಂದರೆ ಇನ್ನೊಂದು ಕಡಿಮೆ ಬರುತ್ತದೆ. ಎಲ್ಲವೂ ಒಂದೇ ಕಡೆಗೆ ಸರಿದಿದ್ದರೆ ಅಳತೆಗೋಲನ್ನೇ ಅನುಮಾನಿಸಬೇಕು. ಹಳಬರೆಲ್ಲ ಮೂರು, ನಾಲ್ಕು, ಐದು ಬೆರಳು ಮೇಲೆ ಮುಟ್ಟಿದ್ದರು. ಅವಳ ಕಣ್ಣು ಗೋದಾಮಿನ ಬಾಗಿಲ ಕೆಳಗಿನ ಮೆಟ್ಟಿಲಿಗೆ ಹೋಯಿತು. ದೀಪಾವಳಿ ಕಳೆದ ಮೇಲೆ ಕಣಕ್ಕೆ ಹೊಸ ಕಾಂಕ್ರೀಟ್ ಹಾಕಿಸಿದ್ದರು. ರಿಂಗಿನ ಕಂಬಗಳನ್ನೂ ಅದಕ್ಕೆ ತಕ್ಕಂತೆ ಎತ್ತರಿಸಿ ನೆಟ್ಟಿದ್ದರು. ಗೋಡೆ ಮಾತ್ರ ಇದ್ದಲ್ಲೇ ಇತ್ತು.

ಹುಡುಗಿಯರು ಉಪ್ಪಿಟ್ಟಿಗೆ ಹೋದಾಗ ಅವಳು ಫರ್ಹತಳ ಪಕ್ಕ ಆ ಮೆಟ್ಟಿಲ ಮೇಲೆ ಕೂತಳು.

"ಕಾಲು ಹೆಂಗೈತೆ?"

"ಕಾಲು ಚೆನ್ನಾಗೈತೆ. ಮೆಟ್ಲೇ ಗಿಡ್ಡ ಆಗೈತೆ."

ಮಂಗಳಗೌರಿ ಕಾಲಡಿಯ ಹೊಸ ಕಾಂಕ್ರೀಟನ್ನು ನೋಡಿದಳು. ಆಮೇಲೆ ಕೇಳಿದಳು: "ಯಾವಾಗ ಗೊತ್ತಾಯ್ತು?"

"ಹಾರೋಕೆ ಮುಂಚೇನೇ. ಆಪರೇಷನ್ ಆದ್ಮೇಲೆ ಇದೇ ಮೆಟ್ಲು ಹತ್ತಿ ಇಳಿದು ನಡಿಯೋದು ಕಲ್ತಿದೀನಿ ಕಣೇ. ಇದರ ಎತ್ತರ ನನ್ನ ಕಾಲಿಗೆ ಗೊತ್ತಾಗಲ್ವಾ? ನಾಲ್ಕು ಬೆರಳು ಕಮ್ಮಿ ಐತೆ."

"ಮತ್ತೆ ಯಾಕೆ ಹಾರ್ದೆ?"

"ಆಸೆ. ಇನ್ನೂ ನಾಲ್ಕು ಬೆರಳು ಜಾಸ್ತೀನೇ ಹಾರಿಬಿಡ್ತೀನೇನೋ ಅಂತ."

"ನಾನು ಯಾರಿಗೂ ಹೇಳಲ್ಲ, ಫರ್ಹತ್."

"ಅರೆ, ಗೊತ್ತು. ಅದಕ್ಕೇ ನಂಗೆ ಭಯ." ಅವಳು ಮೊಣಕಾಲಿನ ಪಟ್ಟಿ ಬಿಚ್ಚಿದಳು. "ನಮ್ಮ ಜೊತೆ ಆಡ್ತಿದ್ದ ಚಿಕ್ಕಕ್ಕ ಮೂರು ಬೆರಳು ಕಡಿಮೆ ಮುಟ್ಟಿದ ವರ್ಷ ನಾನೇ ಕ್ಯಾಪ್ಟನ್. ನಗ್ತಾನೇ ಶೂ ಬಿಚ್ಚಿ ಕೈಲಿ ಹಿಡ್ಕೊಂಡು ಹೋದ್ಲು. ಅವಳ ಕಾಲಡಿ ಯಾರೂ ಸಿಮೆಂಟ್ ಹಾಕಿರ್ಲಿಲ್ಲ."

ಮಂಗಳಗೌರಿ ಅವಳ ಎಣ್ಣೆ ಕೈಯನ್ನು ತನ್ನ ದುಪಟ್ಟಾದಿಂದ ಒರೆಸಿದಳು. ಒಂದೊಂದೇ ಬೆರಳು, ನಿಧಾನವಾಗಿ. 2016ರ ಫೈನಲ್‌ನಲ್ಲಿ ಈ ಕೈಗೆ ಕೊನೆಯ ಪಾಸ್ ಕೊಟ್ಟವಳು ಅವಳೇ.

ಫರ್ಹತ್ ಎದ್ದು ಕೂಗಿದಳು: "ಯಜಮಾನ್ರೇ, ಒಂದು ಟೇಪ್ ತರಿಸ್ರಿ."

"ಯಾಕಮ್ಮಾ, ಗೋಡೇನೂ ಬೆಳೆದೈತೇನು?" ಎನ್ನುತ್ತ ಬಂದ ಜಯದೇವಪ್ಪ, ವಿಷಯ ತಿಳಿದಾಗ ಕೆಳಗಿನ ಮೆಟ್ಟಿಲನ್ನು ಚಪ್ಪಲಿಯಿಂದ ಮುಟ್ಟಿ ನೋಡಿದರು. ಟೇಪಿನಲ್ಲಿ ಅಳೆದಾಗ ಹೊಸ ನೆಲ ಹಳೆಯದಕ್ಕಿಂತ ಏಳು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳು, ಮೇಲಿತ್ತು. "ಅಯ್ಯೋ ತಾಯಿ, ನಾನೇ ಸಿಮೆಂಟ್ ಹಾಕ್ಸಿ ನಿನ್ನ ಹೊರಗೆ ಹಾಕ್ದಂಗಾಯ್ತಲ್ಲ."

"ಇಲ್ರಿ. ನಿಮ್ಮ ಸಿಮೆಂಟ್ ನನ್ನ ಎತ್ತಿ ಹಿಡ್ಕೊಂಡಿತ್ತು."

ಹನ್ನೆರಡನೆಯ ಹೆಸರು ಸೂರಮ್ಮನದಾಯಿತು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ, ಹತ್ತೊಂಬತ್ತು ವರ್ಷ; ಫರ್ಹತಳೇ ಅಲ್ಲಿಗೆ ಹೋಗಿ ಅವಳಿಗೆ ಆಟ ಕಲಿಸಿದ್ದಳು. ಸೂರಮ್ಮ ಅಳುತ್ತ ಮನೆಯ ತೆಲುಗಿಗೆ ಜಾರಿದಳು. "ನಾಕೊದ್ದು ಅಕ್ಕಾ. ನಂಗೆ ಬೇಡ, ನೀನೇ ಆಡು."

"ಏ ಸೂರಿ, ನಾನು ಶನಿವಾರ ಶನಿವಾರ ಮೊಳಕಾಲ್ಮೂರಿನ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ದದ್ದು ಈ ಮಾತು ಕೇಳೋಕಾ? ಮೂಗು ಒರೆಸ್ಕೋ. ಎಣ್ಣೆ ಹಚ್ಕೊಂಡು ನಿನ್ನ ಮೊದಲನೇ ಗುರುತು ಹಾಕು."

ಸೂರಮ್ಮ ಹಾರಿದಳು. ಅವಳ ಬೆರಳು ಫರ್ಹತಳ ಗುರುತಿಗಿಂತ ಐದು ಬೆರಳಷ್ಟೇ ಕೆಳಗೆ ಮೂಡಿತು. "ಇನ್ನೊಂದು ವರ್ಷ, ಫರ್ಹತಕ್ಕನ್ನ ದಾಟಿಬಿಡ್ತೀಯ!" ಎಂದು ಯಾರೋ ಕೂಗಿದರು.

ಆಗ ಮಂಗಳಗೌರಿಗೆ ಇನ್ನೊಂದು ಲೆಕ್ಕ ಹೊಳೆಯಿತು. ಹೊಸ ನೆಲ ಇವತ್ತಿನವರನ್ನೆಲ್ಲ ಎತ್ತರಿಸಿತ್ತು. ಅಂದಿನ ಫರ್ಹತಳನ್ನು ಮಾತ್ರ ಅಷ್ಟೇ ಗಿಡ್ಡ ಮಾಡಿತ್ತು. ಮುಂದೆ ಬರುವ ಹುಡುಗಿಯರು ಈ ನೆಲದ ಮೇಲೆ ನಿಂತೇ ಆ ಗುರುತನ್ನು ನೋಡುತ್ತಾರೆ.

ಗೋಡೆಯ ಬುಡದಲ್ಲಿ, ನೀರು ಹರಿಯಲೆಂದು ಬಿಟ್ಟಿದ್ದ ಸಂದಿಯಲ್ಲಿ, ಹಳೆಯ ನೆಲ ಕಾಣುತ್ತಿತ್ತು. ಅವಳು ಟೇಪಿನ ತುದಿಯನ್ನು ಅಲ್ಲಿ ಒತ್ತಿ ಹಿಡಿದಳು. ಫರ್ಹತ್ ಸ್ಟೂಲು ಹತ್ತಿ ಇನ್ನೊಂದು ತುದಿಯನ್ನು ತನ್ನ 2016ರ ಬೆರಳುಗಳವರೆಗೆ ಎಳೆದಳು. ಸೂರಮ್ಮ ಸ್ಟೂಲನ್ನು ಅಲುಗದಂತೆ ಹಿಡಿದುಕೊಂಡಳು. ಜಯದೇವಪ್ಪ ಗುರುತಿನ ಪಕ್ಕ ಅಳತೆ ಬರೆಯಲು ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ನಿಂತಿದ್ದರು.

"ಎಷ್ಟೈತೆ, ಓದೇ," ಎಂದಳು ಮಂಗಳಗೌರಿ.

ಫರ್ಹತ್ ಎರಡು ಸಲ ನೋಡಿ ಓದಿದಳು. ಹಳೆಯ ನೆಲದಿಂದ ಎರಡು ಮೀಟರ್ ಎಂಬತ್ತೇಳು ಸೆಂಟಿಮೀಟರ್.