ವಿಭೂತಿ ಪೆಟ್ಟಿಗೆಯಲ್ಲಿದ್ದ ಪಂಪು

ನಮ್ಮೂರಿನಲ್ಲಿ ದಮ್ಮಿನವರಿಗೆ ಬರವಿಲ್ಲ. ಗೋವಿನಜೋಳ ಒಕ್ಕುವ ಮಷಿನ್ ಬಂತೆಂದರೆ ಓಣಿ ತುಂಬ ದೂಳು, ಮನೆಮನೆಯಲ್ಲೂ ಕೆಮ್ಮು. ಅದು ಸಾಲದು ಎಂಬಂತೆ ಬೆಳಗಾದರೆ ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುರುಕಿ ಹೊಗೆ ಎಬ್ಬಿಸುತ್ತೇವೆ. ಯಾಕೆ ಕೆಮ್ಮು ಎಂದು ಕೇಳಿದರೆ ಥಂಡಿ ಎನ್ನುತ್ತೇವೆ. ಎಲ್ಲವನ್ನೂ ಥಂಡಿಯ ತಲೆಗೆ ಕಟ್ಟಿ ಸುಮ್ಮನಾಗುವುದು ನಮಗೆ ರೂಢಿಯಾಗಿದೆ.

ನಮ್ಮ ಓಣಿಯ ವೀರಪ್ಪಜ್ಜನೂ ಹಾಗೆಯೇ ಹೇಳುತ್ತಿದ್ದ. ಅಜ್ಜ ಪುರವಂತ. ಬನವಾಸಿ ಕಡೆಯ ನಮ್ಮ ಮಂದಿಯ ಮದುವೆಗಳಲ್ಲಿ ವೀರಭದ್ರ ದೇವರ ಗುಗ್ಗಳದ ಮೆರವಣಿಗೆ ಹೊರಡುತ್ತದೆ. ಗುಗ್ಗಳದ ಕೊಡದಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಸಮಾಳ ಬಾರಿಸುತ್ತಾರೆ. ಅದರ ಮುಂದೆ ಕತ್ತಿ ಹಿಡಿದು ನಿಂತು ದೇವರ ಪ್ರತಾಪವನ್ನು ಗಟ್ಟಿ ದನಿಯಲ್ಲಿ ಹೇಳುವವನೇ ಪುರವಂತ. ಅವನು ಹೇಳುವುದಕ್ಕೆ ಒಡಪು ಅನ್ನುತ್ತಾರೆ. ವೀರಪ್ಪಜ್ಜ ಒಡಪು ಶುರು ಮಾಡಿದರೆ ತುಂಬಿದ ಓಣಿ ಗಪ್‌ಚಿಪ್. ಎಷ್ಟೇ ಉದ್ದದ ಒಡಪಿರಲಿ, ನಡುವೆ ಉಸಿರು ಎಳೆದುಕೊಳ್ಳುತ್ತಿರಲಿಲ್ಲ. ಅದು ಅವನ ಹೆಮ್ಮೆ. ನಮಗೂ ಹೆಮ್ಮೆಯೇ, ಸುಳ್ಳೇಕೆ ಹೇಳಲಿ.

ಹೋದ ಕಾರ್ತಿಕದಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು. ಮೇಲಿನ ಓಣಿಯವರ ಗುಗ್ಗಳದಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ಅಜ್ಜನ ಮುಖಕ್ಕೆ ಹೊಡೆಯಿತು. ಒಡಪು ಅರ್ಧಕ್ಕೆ ನಿಂತಿತು. ಅಜ್ಜ ಬಗ್ಗಿ, ಮೊಣಕಾಲಿಗೆ ಕೈ ಊರಿ ಏದುಸಿರು ಬಿಡತೊಡಗಿದ. ಎದೆಯೊಳಗಿನ ಸುಂಯ್ ಸುಂಯ್ ಸದ್ದು ನಿಂತವರಿಗೆಲ್ಲ ಕೇಳುತ್ತಿತ್ತು. ಉಳಿದ ಒಡಪನ್ನು ಬೇರೆ ಪುರವಂತರು ಮುಗಿಸಿದರು.

ಅವನ ಮಗ ಗಿರೀಶ ಅಂದೇ ತೀರ್ಮಾನ ಮಾಡಿಬಿಟ್ಟ. ಮಾಘದಲ್ಲಿ ಗಿರೀಶನ ಮಗಳು ಶಿವರಂಜನಿಯ ಮದುವೆ. ಆ ಗುಗ್ಗಳಕ್ಕೆ ಹೊರಗಿನ ಪುರವಂತರನ್ನು ಕರೆಸುತ್ತೇನೆ, ಅಪ್ಪ ಕುರ್ಚಿಯಲ್ಲಿ ಕೂತು ನೋಡಲಿ ಎಂದ. ಅದು ಸಿಟ್ಟಿನ ಮಾತಲ್ಲ, ಹೆದರಿಕೆಯ ಮಾತು. ಆದರೆ ಅಜ್ಜನಿಗೆ ಅದು ಎದೆಗೇ ನಾಟಿತು. ಊರಿನ ಎಲ್ಲರ ಮದುವೆಗೂ ಒಡಪು ಹೇಳಿದವನು ಸ್ವಂತ ಮೊಮ್ಮಗಳ ಮದುವೆಯಲ್ಲಿ ಕುರ್ಚಿ ಹಿಡಿಯಬೇಕೇ? ಮಗನ ಜೊತೆ ಮಾತು ಬಿಟ್ಟ.

ಮದ್ದು ಇರಲಿಲ್ಲವೇ ಎಂದರೆ, ಇತ್ತು. ಶಿರಸಿಯ ಡಾಕ್ಟರು ಪರೀಕ್ಷೆ ಮಾಡಿ ಇದು ಅಸ್ತಮಾ ಎಂದು ಹೇಳಿ ಬಾಯಿಗೆ ಹಿಡಿದು ಮದ್ದು ಎಳೆದುಕೊಳ್ಳುವ ಎರಡು ಪಂಪು ಕೊಟ್ಟಿದ್ದರು. ಒಂದು ದಿನಾ ತೆಗೆದುಕೊಳ್ಳುವುದು, ಇನ್ನೊಂದು ಉಸಿರು ಕಟ್ಟಿದಾಗ ತೆಗೆದುಕೊಳ್ಳುವುದು. ದಿನದ ಪಂಪನ್ನು ಅಜ್ಜ ಮುಟ್ಟಿಯೇ ಇರಲಿಲ್ಲ. ಇನ್ನೊಂದನ್ನು ಯಾರಿಗೂ ಕಾಣದಂತೆ ವಿಭೂತಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ. ಪುರವಂತನ ಕೈಯಲ್ಲಿ ಪಂಪು ಕಂಡರೆ ಜನ ಏನಂದಾರು? ಅವನ ಹೆಂಡತಿ ಅನ್ನಪೂರ್ಣವ್ವನದು ಇನ್ನೊಂದು ಹೆದರಿಕೆ. ಒಮ್ಮೆ ಪಂಪು ಹಿಡಿದರೆ ಸಾಯುವ ತನಕ ಬಿಡುವುದಿಲ್ಲವಂತೆ, ಅದು ಕೊನೆಗಾಲದವರ ಮದ್ದಂತೆ. ಈ ಅಂತೆಗಳನ್ನೆಲ್ಲ ಯಾರು ಹೆರುತ್ತಾರೋ ನಾ ಕಾಣೆ.

ನಮ್ಮ ಮಹಿಳಾ ಸಂಘದ ಸಭೆ ಅನ್ನಪೂರ್ಣವ್ವನ ಪಡಸಾಲೆಯಲ್ಲಿ ನಡೆಯುತ್ತದೆ. ಆರೋಗ್ಯ ಉಪಕೇಂದ್ರದ ವೇದಾ ಸಿಸ್ಟರ್ ಒಂದು ಸಭೆಗೆ ಬಂದಿದ್ದರು. ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಹುಡುಗಿ, ಮಾತು ಮೆತ್ತಗೆ, ಪಟ್ಟು ಗಟ್ಟಿ. ಒಳಗಿನ ಕೋಣೆಯಿಂದ ಆ ಸುಂಯ್ ಸದ್ದು ಕೇಳಿಸಿದ್ದೇ ತಡ, ಎದ್ದು ಹೋಗಿ ಅಜ್ಜನ ಮುಂದೆ ಕೂತರು. ಅಜ್ಜ ಥಂಡಿಯ ಕಥೆ ಶುರು ಮಾಡಿದ. ನಾನು ಸುಮ್ಮನಿರುವವಳಲ್ಲ, ಅನ್ನಪೂರ್ಣವ್ವ ನನ್ನ ಕಿವಿಯಲ್ಲಿ ಹೇಳಿದ್ದ ವಿಭೂತಿ ಪೆಟ್ಟಿಗೆಯ ಗುಟ್ಟು ಹೇಳಿಬಿಟ್ಟೆ. ಅಜ್ಜ ನನ್ನನ್ನು ನುಂಗುವಂತೆ ನೋಡಿದ.

"ಅಜ್ಜ, ಪಂಪು ಹೆಂಗೆ ತಗೊಳ್ತೀರಿ, ಒಂದ್ಸಲ ತೋರ್ಸಿ ನೋಡುವ" ಎಂದರು ಸಿಸ್ಟರ್.

ಅಜ್ಜ ಪಂಪನ್ನು ಬಾಯಿಗೆ ಹಿಡಿದ. ಭುಜ ಎರಡೂ ಕಿವಿಯ ಹತ್ತಿರ ಹೋದವು, ಕತ್ತಿನ ನರ ಉಬ್ಬಿದವು. ಕೂಗು ಹಾಕುವ ಮುಂಚೆ ಗಾಳಿ ಎಳೆದಂತೆ ಗಬಕ್ಕನೆ ಎಳೆದು, ಅಷ್ಟೇ ಜೋರಾಗಿ ಹಾ ಎಂದು ಬಿಟ್ಟ. ಔಷಧಿ ಮೀಸೆಯ ಮೇಲೆ ಹಾದು ಹೊರಗೆ ಬಂತು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಸಿಸ್ಟರ್ ನಗಲಿಲ್ಲ.

"ಅಜ್ಜ, ಒಡಪು ಹೇಳುವಾಗ ಉಸಿರು ಎಲ್ಲಿಂದ ತೆಗೀತೀರಿ?"

ಆ ಪ್ರಶ್ನೆಗೆ ಅಜ್ಜನ ಮುಖ ಅರಳಿತು. "ಎದಿಯಿಂದ ತಗದಾಂವ ನಾಕ್ ಸಾಲು ಹೇಳಂಗಿಲ್ರಿ. ನಮ್ಮಪ್ಪ ನನ್ನ ಹೊಟ್ಟಿ ಮ್ಯಾಲ ಕೈ ಇಟ್ಟು ಕಲಿಸ್ಯಾನ. ಹೊಟ್ಟಿ ಮುಂದ ಬರಬೇಕು, ಭುಜ ಅಲಗ್ಯಾಡಬಾರ್ದು ಅಂತಿದ್ದ."

"ಮತ್ತೆ ಈಗ ಭುಜ ಎತ್ತಿದ್ರಲ್ಲ, ಎಂತಕ್ಕೆ?"

ಅಜ್ಜ ತಾನಾಗಿಯೇ ಬಲಗೈ ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡ. ಭುಜಗಳು ಮೆಲ್ಲಗೆ ಇಳಿದವು. ನನಗೆ ಯಾಕೋ ಕಣ್ಣು ತುಂಬಿ ಬಂತು.

ಸಿಸ್ಟರ್ ಬಿಡಿಸಿ ಹೇಳಿದರು. ಅಸ್ತಮಾದಲ್ಲಿ ಉಸಿರಿನ ನಾಳಗಳು ಒಳಗೇ ಊದಿಕೊಂಡು ಸಣ್ಣಗಾಗುತ್ತವೆ. ಗಾಳಿ ಸಾಲದು ಎಂಬ ಹೆದರಿಕೆಗೆ ಮನುಷ್ಯ ಎದೆ ಎತ್ತಿ ಎತ್ತಿ ಗಬಗಬ ಎಳೆಯುತ್ತಾನೆ, ಅದರಿಂದ ಸುಸ್ತು ಇನ್ನೂ ಹೆಚ್ಚು. ಪಂಪಿನ ಮದ್ದನ್ನು ಹಾಗೆ ಎಳೆದರೆ ಅದು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪಂಪನ್ನು ಅಲ್ಲಾಡಿಸಬೇಕು, ಮೊದಲು ಉಸಿರು ಹೊರಗೆ ಬಿಡಬೇಕು, ತುಟಿ ಬಿಗಿಯಾಗಿ ಮುಚ್ಚಿ, ಒತ್ತುತ್ತಾ ಸಾವಕಾಶ ಒಳಗೆ ಎಳೆಯಬೇಕು. ಆಮೇಲೆ ಆದಷ್ಟು ಹೊತ್ತು ಉಸಿರು ಹಿಡಿದಿರಬೇಕು. ಕೈ ಹೊಂದದಿದ್ದರೆ ಸ್ಪೇಸರ್ ಎಂಬ ಡಬ್ಬಿ ಸಿಗುತ್ತದೆ, ಪಂಪಿಗೆ ಅದನ್ನು ಜೋಡಿಸಿದರೆ ಮದ್ದು ಸೋರುವುದಿಲ್ಲ. ದಿನದ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

"ಆದ್ರ ಚಟಾ ಆಗತೈತಲ್ರಿ?" ಎಂದು ಅನ್ನಪೂರ್ಣವ್ವ ತನ್ನ ಸಂಶಯ ಬಿಡಲಿಲ್ಲ.

"ನೀವು ಕನ್ನಡಕ ದಿನಾ ಹಾಕ್ತೀರಲ್ಲ, ಅದು ಚಟವಾ?" ಎಂದರು ಸಿಸ್ಟರ್.

ಅನ್ನಪೂರ್ಣವ್ವ ಮೂಗಿನ ಮೇಲಿನ ಕನ್ನಡಕ ಮುಟ್ಟಿ ನೋಡಿಕೊಂಡಳು.

ಅಜ್ಜನನ್ನು ಮತ್ತೆ ಡಾಕ್ಟರಿಗೆ ತೋರಿಸಿದರು, ಸ್ಪೇಸರ್ ಬಂತು, ದಿನದ ಪಂಪೂ ತಪ್ಪದೆ ಶುರುವಾಯಿತು. ಮನೆಯಲ್ಲಿ ಅನ್ನಪೂರ್ಣವ್ವ ಬಚ್ಚಲ ಒಲೆಗೆ ಒಣ ಕಟ್ಟಿಗೆ ಮಾತ್ರ ಹಾಕತೊಡಗಿದಳು, ಕಿಟಕಿ ತೆಗೆದಿಟ್ಟಳು. ಜೋಳದ ಮಷಿನ್ ಬಂದ ದಿನ ಅಜ್ಜ ಹಟ ಮಾಡದೆ ತಂಗಿಯ ಮನೆಗೆ ಹೋದ. ಆದರೆ ನಾನು ಮೆಚ್ಚಿದ್ದು ಬೇರೆಯದನ್ನು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಹೊಟ್ಟೆಯ ಮೇಲೆ ಕೈ ಇಟ್ಟು, ಮೂಗಿನಿಂದ ಮೆಲ್ಲಗೆ ಎಳೆದು, ತುಟಿ ಸಣ್ಣ ಮಾಡಿ ದೀಪ ಅಲುಗಿದರೂ ಆರದಷ್ಟು ನಿಧಾನಕ್ಕೆ ಬಿಡುತ್ತಿದ್ದ. ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದವನು, ಉಸಿರಾಡುವುದನ್ನು ಅಆಇಈಯಿಂದ ಕಲಿಯಲು ಕೂತ. ಹೋಗಿ ಬರುವವರು ಚೇಷ್ಟೆ ಮಾಡಿದರೆ ಅವರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಕಲಿಸುತ್ತಿದ್ದ. ಕಟ್ಟೆ ಏರಿದರೆ ಬರುತ್ತಿದ್ದ ದಮ್ಮು ಬರುಬರುತ್ತಾ ಕಡಿಮೆಯಾಯಿತು.

ಮದುವೆಗೆ ಒಡಪು ನಾನೇ ಹೇಳುತ್ತೇನೆ ಎಂದು ಅಜ್ಜ ಅನ್ನಪೂರ್ಣವ್ವನ ಬಾಯಲ್ಲಿ ಮಗನಿಗೆ ಹೇಳಿಸಿದ. ಗಿರೀಶ ಮಾತ್ರ ಡಾಕ್ಟರು ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದ. ಡಾಕ್ಟರು ಪರೀಕ್ಷಿಸಿ ಒಪ್ಪಿದರು, ಷರತ್ತೂ ಹಾಕಿದರು. ಹೊಗೆಯಿಂದ ದೂರ ನಿಲ್ಲಬೇಕು, ಶುರುವಿಗೆ ಮುಂಚೆ ಪಂಪು ತೆಗೆದುಕೊಳ್ಳಬೇಕು, ಒಂದೇ ಉಸಿರಿಗೆ ಹೇಳುವ ಹಟ ಬೇಡ. ಕೊನೆಯ ಷರತ್ತು ಕೇಳಿ ಅಜ್ಜ ಕುಸಿದು ಕೂತ. ನಡುವೆ ನಿಲ್ಲಿಸಿದರೆ ಜನ ಮತ್ತೆ ಆ ಕಾರ್ತಿಕವನ್ನೇ ನೆನೆಯುತ್ತಾರೆ, ಅದಕ್ಕಿಂತ ಕುರ್ಚಿಯೇ ವಾಸಿ ಎಂದ. ಆಗ ಶಿವರಂಜನಿ ಅವನ ಪಕ್ಕ ಬಂದು ಕೂತಳು.

"ಅಜ್ಜಾ, ನೀ ಉಸಿರು ತಗೊಳ್ಳೂತನಕಾ ನಾ ನಿಂತಿರ್ತೀನಿ. ಮದುಮಗ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಳು.

ಅಜ್ಜ ನಕ್ಕುಬಿಟ್ಟ.

ಗುಗ್ಗಳದ ದಿನ ಗಿರೀಶನೇ ಗಾಳಿ ನೋಡಿ ಕೊಡವನ್ನು ಹೊಗೆ ಆಚೆ ಹೋಗುವ ಕಡೆ ಇಡಿಸಿದ. ಹಿರಿಯರು ಕೂಡಿ ಮಾತಾಡಿ ಹೊಗೆ ಎಬ್ಬಿಸುವ ಗುಗ್ಗಳದ ಪುಡಿಯನ್ನೂ ಶಾಸ್ತ್ರಕ್ಕಷ್ಟೇ ಹಾಕಿದರು. ಎರಡೂ ಕಡೆಯ ಬೀಗರು ಓಣಿ ತುಂಬ ನಿಂತಿದ್ದರು. ವೇಷ ತೊಟ್ಟ ಅಜ್ಜ ಮುಂದೆ ಬಂದ. ಕತ್ತಿಯನ್ನು ಮಗನ ಕೈಗೆ ಕೊಟ್ಟು, ವಿಭೂತಿ ಪೆಟ್ಟಿಗೆ ತರಿಸಿ, ಎಲ್ಲರ ಕಣ್ಣೆದುರೇ ಪಂಪು ಹೊರಗೆ ತೆಗೆದ. ಸ್ಪೇಸರಿಗೆ ಜೋಡಿಸಿದ. ಭುಜ ಅಲುಗಲಿಲ್ಲ. ಸಾವಕಾಶ ಎಳೆದು, ಕಣ್ಣು ಮುಚ್ಚಿ ಉಸಿರು ಹಿಡಿದು ನಿಂತ. ಸಮಾಳದವರು ಕೈ ತಡೆದು ಕಾದರು. ಒಬ್ಬರೂ ನಗಲಿಲ್ಲ.

ಆಮೇಲೆ ಒಡಪು ಶುರುವಾಯಿತು. ಅದೇ ಗಟ್ಟಿ ದನಿ. ನಡುವೆ ಒಂದು ಕಡೆ ನಿಲ್ಲಿಸಿದ. ಗಿರೀಶ ಮುಂದಕ್ಕೆ ಹೆಜ್ಜೆ ಇಟ್ಟೇಬಿಟ್ಟ. ಅಜ್ಜ ಬೇಡವೆಂದು ತಲೆಯಾಡಿಸಿ, ಹೊಟ್ಟೆಯ ಮೇಲೆ ಕೈ ಇಟ್ಟು, ನೆಮ್ಮದಿಯಾಗಿ ಉಸಿರು ತೆಗೆದುಕೊಂಡು, ಬಿಟ್ಟ ಮಾತಿನಿಂದಲೇ ಎತ್ತಿಕೊಂಡ. ಮುಗಿದಾಗ ಓಣಿಯೆಲ್ಲ "ಆಹಾ ವೀರಾ, ಆಹಾ ರುದ್ರಾ" ಎಂದಿತು. ಅವನ ಬಾಯಲ್ಲಿ ಎಷ್ಟೋ ಒಡಪು ಕೇಳಿದ್ದೇನೆ. ನಡುವೆ ಉಸಿರು ತೆಗೆದುಕೊಂಡ ಆ ಒಡಪಿನಷ್ಟು ಚೆಂದದ್ದು ಒಂದೂ ಇಲ್ಲ.

ಊಟದ ಹೊತ್ತಿಗೆ ಮದುಮಗನ ಅಜ್ಜ ದ್ಯಾಮಪ್ಪನವರು ವೀರಪ್ಪಜ್ಜನನ್ನು ಗೋಡೆಯ ಮರೆಗೆ ಕರೆದರು. ಅತ್ತಿತ್ತ ನೋಡಿ, ಎಲೆ ಅಡಿಕೆ ಚೀಲದ ತಳದಿಂದ ಏನೋ ತೆಗೆದರು. ಅದೂ ಒಂದು ಪಂಪು.

"ಆ ಡಬ್ಬಿ ಎಲ್ಲಿ ಸಿಗತೈತ್ರಿ?" ಎಂದು ಪಿಸುಗುಟ್ಟಿದರು.

ವೀರಪ್ಪಜ್ಜ ಅವರ ಕೈ ಹಿಡಿದು, ಮರೆಯಿಂದ ಈಚೆಗೆ, ಎಲ್ಲರೂ ಕೂತಿದ್ದ ಕಟ್ಟೆಗೇ ಕರೆತಂದ.

"ಡಬ್ಬಿ ಆಮ್ಯಾಲ ಹೇಳ್ತೀನಿ. ಮೊದ್ಲ ಭುಜಾ ಇಳಸ್ರಿ, ಬೀಗರ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಥಂಡಿ ಎಂದು ಹೇಳಿಕೊಂಡು ದಮ್ಮು ಬಚ್ಚಿಡುತ್ತಿರಬಹುದು. ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಕೊಟ್ಟ ಪಂಪನ್ನು ಹೇಗೆ ಎಳೆಯುವುದು ಎಂದು ಕೇಳಿ ಕಲಿಯಿರಿ, ಆರಾಮಾಯಿತೆಂದು ನೀವಾಗಿಯೇ ಬಿಡಬೇಡಿ. ಉಸಿರಾಟದ ಅಭ್ಯಾಸ ದಿನಾ ಮಾಡಿ, ಅದು ಮದ್ದಿನ ಜೊತೆಗೆ, ಮದ್ದಿನ ಬದಲಿಗೆ ಅಲ್ಲ. ಹೊಗೆ, ದೂಳಿನಿಂದ ದೂರವಿರಿ. ಒಂದು ಮಾತು ಪೂರ್ತಿ ಹೇಳಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಪಂಪಿಗೂ ತಗ್ಗದಿದ್ದರೆ ನೆಟ್ಟಗೆ ಕೂರಿಸಿ, ಕೂಡಲೇ 108ಕ್ಕೆ ಫೋನ್ ಮಾಡಿ. ಕತ್ತಿ ಹಿಡಿಯುವ ಪುರವಂತನೇ ನಾಚಿಕೆ ಬಿಟ್ಟಿದ್ದಾನೆ, ನಿಮಗೇಕೆ ನಾಚಿಕೆ? ಪಂಪನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ.