ಹೊಟ್ಟೆ ತುಂಬಿದ ಬೆಕ್ಕು

ನಮ್ಮ ಬೀದಿಯಲ್ಲಿ ಬೆಕ್ಕು ಜಾಸ್ತಿಯಾಗಿವೆ ಎಂದು ಯಾರಾದರೂ ಅಂದರೆ ಸಾಕು, ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮನೆಯೇ ಅವರ ಅಂಗಡಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನ ಬಾಗಿಲಲ್ಲಿ ಬೆಕ್ಕುಗಳಿಗೆಂದು ಒಂದು ಅಗಲವಾದ ತಟ್ಟೆ. ಹೋದ ವರ್ಷ ಆ ತಟ್ಟೆಗೆ ಒಂದೆರಡು ಬೆಕ್ಕು ಬರುತ್ತಿದ್ದವು. ಈಗ ಒಂದು ಹಿಂಡೇ ಬರುತ್ತದೆ. ಹಗಲಿರಲಿ ರಾತ್ರಿಯಿರಲಿ, ತಟ್ಟೆ ಖಾಲಿ ಇರಬಾರದು ಎಂಬುದು ಟೈಲರಮ್ಮನ ಕಾನೂನು.

ಅವರ ಯಜಮಾನರು ಬೋರ್ಡ್ ಬರೆಯುವ ಪೇಂಟರ್. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಹಿತ್ತಲ ಕಿಟಕಿಯ ಪಕ್ಕ ಮಲಗಿದ್ದರು. ಊರೆಲ್ಲ ಸುತ್ತುತ್ತಿದ್ದ ಮನುಷ್ಯನಿಗೆ ಆ ಕಿಟಕಿಯೇ ಊರಾಗಿತ್ತು. ಹೊರಗೆ ಬಟ್ಟೆ ಒಣಗಿಸುವ ತಂತಿಗೆ ನೆಟ್ಟ ಮರದ ಕಂಬ. ತಾರಸಿಯ ಕುಂಡದಿಂದ ಇಳಿಬಿದ್ದ ಬಳ್ಳಿ ಅದರ ತುದಿಗೆ ದಟ್ಟವಾಗಿ ಸುತ್ತಿಕೊಂಡಿತ್ತು. ಅದರೊಳಗೆ ಒಂದು ಜೋಡಿ ಬುಲ್‌ಬುಲ್ ಹಕ್ಕಿ ಗೂಡು ಕಟ್ಟಿ, ಮರಿ ಮಾಡಿದ್ದವು. "ಇವು ಹಾರೋದನ್ನ ನಾನು ನೋಡ್ಬೇಕು ಕಣೇ" ಎನ್ನುತ್ತಿದ್ದರು ಪೇಂಟರ್.

ಒಂದು ಬೆಳಿಗ್ಗೆ ನೋಡಿದರೆ ಗೂಡು ನೆಲದ ಮೇಲಿತ್ತು. ಟೈಲರಮ್ಮನ ಸಾಕುಬೆಕ್ಕು ಒಂದು ಮರಿಯನ್ನು ಪಂಜದಲ್ಲಿ ಅತ್ತಿತ್ತ ಉರುಳಿಸುತ್ತಿತ್ತು. ತಿನ್ನಲೂ ಇಲ್ಲ. ಪೇಂಟರ್ ಅವತ್ತು ಊಟ ಬೇಡ ಎಂದರು, ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲವು ದಿನಗಳಲ್ಲಿ ಅದೇ ಜೋಡಿ ಅದೇ ಬಳ್ಳಿಗೆ ಮತ್ತೆ ಕಡ್ಡಿ ತಂದಿತು. ಪೇಂಟರ್ ಮತ್ತೆ ಕಿಟಕಿಯ ಕಡೆ ತಿರುಗಿದರು. ಆದರೆ ಹೆಂಡತಿಗೆ ಹೇಳಿದ್ದು ಒಂದೇ ಮಾತು. "ಈ ಸಲವಾದ್ರೂ ಉಳಿಯುತ್ತಾ?"

ಟೈಲರಮ್ಮನಿಗೆ ಆ ಮಾತು ನಾಟಿತು. ಅವತ್ತಿನಿಂದ ಬೆಕ್ಕುಗಳ ತಟ್ಟೆಗೆ ಇನ್ನೊಂದು ಹಿಡಿ ಅನ್ನ ಜಾಸ್ತಿಯೇ ಹಾಕತೊಡಗಿದರು.

ಅದೇ ವಾರ ಪಶುವೈದ್ಯೆ ತಮ್ಮ ಬಿಳಿ ಕೋಟಿನ ಹರಿದ ಜೇಬು ಹೊಲಿಸಲು ಬಂದರು. ಮಾತು ಬಿದ್ದ ಗೂಡಿಗೆ, ಬೆಕ್ಕಿಗೆ ತಿರುಗಿತು.

"ಹೊಟ್ಟೆ ತುಂಬಿದ ಬೆಕ್ಕು ಬೇಟೆ ಆಡಲ್ಲ ಡಾಕ್ಟರಮ್ಮ. ಗೂಡು ಕೆಡವಿದ್ದು ಯಾವುದೋ ಹಸಿದ ಬೆಕ್ಕು. ನಮ್ಮನೇದು ಸುಮ್ನೆ ಆಟ ಆಡ್ತಿತ್ತು, ಅಷ್ಟೇ."

ಒಳಗಿನಿಂದ ಪೇಂಟರ್ ದನಿ ಬಂತು. "ಬೆಕ್ಕಿಗೆ ಚೆಲ್ಲಾಟ..."

"ಇಲಿಗೆ ಪ್ರಾಣಸಂಕಟ" ಎಂದು ರೂಢಿಯ ಮೇಲೆ ಮುಗಿಸಿದ ಟೈಲರಮ್ಮ, ಮಿಷನ್ ನಿಲ್ಲಿಸಿದರು.

"ನೋಡಿ ಅಕ್ಕಾ, ಗಾದೇಲಿ ಹಸಿವು ಅನ್ನೋ ಮಾತೇ ಇಲ್ಲ" ಎಂದರು ಡಾಕ್ಟರ್. "ಉಂಡ ಬೆಕ್ಕೂ ಹಿಡಿಯುತ್ತೆ. ಅದರ ತಪ್ಪಲ್ಲ, ಹುಟ್ಟುಗುಣ. ಒಂದೆರಡು ಬೆಕ್ಕಾದ್ರೆ ಹಕ್ಕಿ, ಅಳಿಲು, ಓತಿಕ್ಯಾತ ಹೇಗೋ ಬದುಕ್ಕೊಳ್ತವೆ. ಹಿಂಡೇ ಕಾದು ಕೂತ್ರೆ ಅವು ಎಲ್ಲಿಗೆ ಹೋಗ್ಬೇಕು?"

"ಹಾಗಾದ್ರೆ ಪಕ್ಕದ ಮನೆಯವರು ಹೇಳೋ ಹಾಗೆ ಊರಾಚೆ ಬಿಟ್ಟು ಬರ್ಲಾ?"

"ಬೇಡ. ಬಿಟ್ಟ ಕಡೆ ಅವು ಸಾಯ್ತವೆ, ಇಲ್ಲಾ ಅಲ್ಲಿನ ಹಕ್ಕಿ ಹಿಡೀತವೆ. ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರ್ತವೆ."

"ಕುತ್ತಿಗೆಗೆ ಗಂಟೆ ಕಟ್ಟಿದ್ರೆ?"

"ದೊಡ್ಡ ಹಕ್ಕಿ ಹಾರಿ ಹೋದೀತು. ರೆಕ್ಕೆ ಬಲಿಯದ ಮರಿ ಗಂಟೆ ಕೇಳಿಸ್ಕೊಂಡು ಏನ್ಮಾಡುತ್ತೆ? ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸಿ. ರೇಬಿಸ್ ಲಸಿಕೆನೂ ಆಗುತ್ತೆ."

ಟೈಲರಮ್ಮನ ಮುಖ ಗಂಟಿಕ್ಕಿತು. "ಬಾಯಿಲ್ಲದ ಜೀವಕ್ಕೆ ಕತ್ತರಿ ಹಾಕಿಸಿ ಪಾಪ ಕಟ್ಕೊಳ್ಳಲಾ? ಕಿವಿ ತುದಿ ಕತ್ತರಿಸಿದ ಬೆಕ್ಕು ನೋಡಿದೀನಿ. ಕರುಳು ಚುರುಕ್ ಅಂತು."

ಡಾಕ್ಟರ್ ಮೇಜಿನ ಮೇಲಿದ್ದ ಬಟ್ಟೆ ಎತ್ತಿದರು. "ಅಂಚಲ್ಲಿ ಇದ್ಯಾಕೆ ಕಚ್ಚು ಹಾಕಿದೀರಿ?"

"ಗುರುತಿಗೆ. ಮಡಿಕೆ ಅಲ್ಲಿ ಬರ್ಬೇಕು."

"ಕಿವಿದೂ ಅಷ್ಟೇ ಅಕ್ಕಾ. ನೋವಾಗದ ಹಾಗೆ ಅರಿವಳಿಕೆ ಕೊಟ್ಟೇ ಮಾಡ್ತೀವಿ. ಇದಕ್ಕೆ ಆಪರೇಷನ್ ಆಗಿದೆ, ಮತ್ತೆ ಹಿಡೀಬೇಡಿ ಅಂತ ಗುರುತು. ಅದಿರ್ಲಿ, ಈ ವರ್ಷ ಹಿತ್ತಲಲ್ಲಿ ಹುಟ್ಟಿದ ಬೆಕ್ಕಿನ ಮರಿಗಳು ಎಲ್ಲಿ?"

ಟೈಲರಮ್ಮ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದರು. ಕೆಲವು ಗಾಡಿಗೆ ಸಿಕ್ಕಿದ್ದವು, ಉಳಿದವು ಕಾಯಿಲೆ ಬಿದ್ದಿದ್ದವು. "ಒಂದೂ ಉಳೀಲಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು.

"ಹುಟ್ಟಿ ನರಳೋದು ತಪ್ಪುತ್ತೆ ಅಕ್ಕಾ. ಆಪರೇಷನ್ ಆದ ಬೆಕ್ಕೂ ಬೇಟೆ ಆಡುತ್ತೆ, ನಾನು ಸುಳ್ಳು ಹೇಳಲ್ಲ. ಆದ್ರೆ ಹಿಂಡು ಬೆಳೆಯಲ್ಲ, ಬರ್ತಾ ಬರ್ತಾ ಕರಗುತ್ತೆ. ನಿಮ್ಮ ಸಾಕುಬೆಕ್ಕನ್ನ ಮನೆಯೊಳಗೇ ಇಟ್ಕೊಳ್ಳಿ. ತಟ್ಟೆ ಗೂಡಿಂದ ದೂರ ಇಡಿ, ಹಗಲಲ್ಲಿ ಹಾಕಿ, ತಿಂದ ಮೇಲೆ ಎತ್ತಿಬಿಡಿ. ಕಂಬ ಹತ್ತದ ಹಾಗೆ ಸುತ್ತ ಏನಾದ್ರೂ ಜಾರೋ ತಗಡು ಹೊಡೀರಿ."

"ಅಟ್ಟದ ಮೇಲೆ ನನ್ನ ಹಳೇ ತಗಡಿನ ಬೋರ್ಡಿದೆ, ಇಳಿಸೇ" ಎಂದು ಒಳಗಿನಿಂದ ಪೇಂಟರ್ ಕೂಗಿದರು. ಎಷ್ಟೋ ದಿನಗಳ ಮೇಲೆ ಆ ದನಿಗೆ ಜೀವ ಬಂದಿತ್ತು.

ಟೈಲರಮ್ಮ ತಗಡನ್ನು ಕಂಬಕ್ಕೆ ಸುತ್ತಿ ಮೊಳೆ ಹೊಡೆದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: 'ಪ್ರವೇಶವಿಲ್ಲ.'

"ಬೆಕ್ಕಿಗೆ ಓದೋಕೆ ಬರುತ್ತೇನ್ರೀ?"

"ಜಾರೋಕೆ ಬರುತ್ತಲ್ಲ, ಸಾಕು ಬಿಡು."

ಬೆಕ್ಕುಗಳನ್ನು ಹಿಡಿಯಲು ಡಾಕ್ಟರ ಕಡೆಯವರು ಬೋನು ತಂದರು. ಅವರು ಕರೆದರೆ ಒಂದೂ ಬರಲಿಲ್ಲ. ಟೈಲರಮ್ಮ ತಟ್ಟೆ ಬಡಿದಾಗ ಬಂದವು. ಆಪರೇಷನ್ ಮುಗಿಸಿ, ಚೇತರಿಸಿಕೊಂಡ ಮೇಲೆ ಅದೇ ಹಿತ್ತಲಿಗೆ ತಂದು ಬಿಟ್ಟರು. ಕಿವಿಯ ಗುರುತು ನೋಡಿ ಟೈಲರಮ್ಮ, "ಕಚ್ಚು ನೀಟಾಗಿದೆ" ಎಂದರು.

ಪ್ಲಾಸ್ಟರ್ ಬಿಚ್ಚಿ ಪೇಂಟರ್ ಕೋಲೂರಿ ನಿಲ್ಲುವ ಹೊತ್ತಿಗೆ ಮರಿಗಳು ಬಳ್ಳಿಯ ಅಂಚಿಗೆ ಬಂದಿದ್ದವು. ಒಂದು ಹಾರಿತು. ಇನ್ನೊಂದು ಹಾರಲಾರದೆ ದೊಪ್ಪನೆ ನೆಲಕ್ಕೆ ಬಿತ್ತು. ಟೈಲರಮ್ಮ ಗಂಡನ ಪಕ್ಕದಿಂದ ಕಿಟಕಿಗೆ ಬಾಗಿ ನೋಡಿದರು. ಹಿತ್ತಲ ಬಾಗಿಲಲ್ಲಿ ತಟ್ಟೆ ಇರಲಿಲ್ಲ, ಕಾದು ಕೂತ ಬೆಕ್ಕೂ ಇರಲಿಲ್ಲ. ಸಾಕುಬೆಕ್ಕು ಮನೆಯೊಳಗೆ ಗಾಜಿನ ಹಿಂದೆ ಬಾಲ ಬೀಸುತ್ತಾ ಕೂತಿತ್ತು. ಮರಿ ಮೈ ಕೊಡವಿಕೊಂಡು, ಕುಪ್ಪಳಿಸಿ, ಕಾಂಪೌಂಡ್ ಗೋಡೆ ಏರಿ ಆಚೆ ಹಾರಿತು.

"ನೋಡಿದ್ರಾ?" ಎಂದರು ಟೈಲರಮ್ಮ.

"ನೋಡಿದೆ ಕಣೇ" ಎಂದು ಪೇಂಟರ್ ಅವರ ಹೆಗಲ ಮೇಲೆ ಕೈಯಿಟ್ಟರು.

ನಿಮ್ಮ ಬೀದಿಯಲ್ಲೂ ಬೆಕ್ಕುಗಳಿವೆ, ಅವಕ್ಕೆ ಅನ್ನ ಹಾಕುವ ಒಬ್ಬ ಟೈಲರಮ್ಮನೂ ಇದ್ದಾರೆ. ಬಹುಶಃ ಅದು ನೀವೇ. ಬೆಕ್ಕುಗಳು ನಂಬಿರುವುದು ನಿಮ್ಮನ್ನು, ಆದ್ದರಿಂದ ಈ ಕೆಲಸ ನಿಮ್ಮಿಂದಲೇ ಆಗಬೇಕು. ಹತ್ತಿರದ ಪಶುವೈದ್ಯರ ಹತ್ತಿರ ಇವತ್ತೇ ಮಾತಾಡಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ನಾವು ಕಣ್ಣು ಬಿಟ್ಟುಕೊಂಡು ತಟ್ಟೆ ಇಡೋಣ.