ಬಿಸಿಲ ಮನೆಯ ಒಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಮ್ಮ ಯಜಮಾನರು ಎರಡನ್ನೂ ನೋಡಿಯೇ ತೀರುವ ಹಟದವರು. ಮಗಳ ಮದುವೆ ಮುಗಿದ ಮರುವರ್ಷವೇ ಮೈಂದರ್ಗಿಯಲ್ಲಿ ನಮ್ಮ ಹಳೆಯ ಮನೆ ಬಿದ್ದ ಜಾಗದಲ್ಲಿ ಹೊಸದು ಕಟ್ಟಲು ಹೊರಟರು. ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ನಡೆಸುವ ಇವರಿಗೆ, ಅಂದರೆ ಗುರುನಾಥರಿಗೆ, ಗುತ್ತಿಗೆದಾರರ ಮೇಲೆ ನಂಬಿಕೆಯಿಲ್ಲ. ಗೋಡೆ ಕಟ್ಟುವ ಗವಂಡಿ ಕಲ್ಲಣ್ಣನನ್ನು ಗೊತ್ತುಮಾಡಿ, ಉಸುಕು ಸಿಮೆಂಟನ್ನು ತಾವೇ ಚೌಕಾಸಿ ಮಾಡಿ ತಂದರು.

ಅವರಿಗೆ ಎಲ್ಲಕ್ಕಿಂತ ಹುರುಪು ಕರೆಂಟಿನ ವಿಷಯದಲ್ಲಿ. ಊರಲ್ಲಿ ಲೈಟು ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಹೇಳುವವರಿಲ್ಲ, ಬಿಸಿಲಿಗಂತೂ ನಮ್ಮ ಕಡೆ ಬರವಿಲ್ಲ. ಸ್ಲ್ಯಾಬಿನ ಮೇಲೆ ಸೋಲಾರ್ ಹಾಕಿ ಬ್ಯಾಟರಿ ಇಟ್ಟರೆ ಫ್ಯಾನು, ಪಂಪು, ಅಡುಗೆ ಎಲ್ಲಾ ಅದರ ಮೇಲೆಯೇ ನಡೆಯುತ್ತದೆ, ಗ್ಯಾಸಿನ ಖರ್ಚೂ ಇಲ್ಲ ಎಂದು ಬಂದವರಿಗೆಲ್ಲ ಹೇಳಿದರು. ಸೂರ್ಯದೇವರ ಹತ್ತಿರವೂ ಚೌಕಾಸಿ ಮುಗಿಸಿಕೊಂಡು ಬಂದವರ ಹಾಗಿತ್ತು ಮಾತು.

ನಾನು ಒಂದೇ ಪ್ರಶ್ನೆ ಕೇಳಿದೆ. ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ ಹೇಗೆ ಉಬ್ಬುತ್ತದೆ? ಹಂಚಿನ ಮೇಲೆ ಬೆಂದೀತು, ಆಮೇಲೆ ಅದಕ್ಕೆ ಬೆಂಕಿಯ ಮುಖ ತೋರಿಸಬೇಡವೇ? ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮನುಷ್ಯ ರೊಟ್ಟಿಯನ್ನೇ ಮರೆತಿದ್ದರು.

ಇಟ್ಟಿಗೆಯ ರಾಶಿಯ ಮೇಲೆ ಕೂತರು. ಆಮೇಲೆ ಹಳೆಯ ಮನೆಯ ಮಾತು ತೆಗೆದರು. ಮಣ್ಣಿನ ಮಾಳಿಗೆ, ಬೆಳಕಿಂಡಿಯ ಬಿಸಿಲಲ್ಲಿ ಸುತ್ತುವ ಹೊಗೆ, ತೊಗರಿಕಟ್ಟಿಗೆಯ ವಾಸನೆ, ಅವ್ವ ರೊಟ್ಟಿ ಬಡಿಯುವ ಸಪ್ಪಳ. ಕೆಂಡಕ್ಕೆ ಆನಿಸಿ ನಿಲ್ಲಿಸಿದ ರೊಟ್ಟಿ ಉಬ್ಬಿ, ಸಾಲಾಗಿ ಕೂತ ಗಂಡಸರ ತಾಟಿಗೆ ಹಬೆಯಾಡುತ್ತಲೇ ಬಂದು ಬೀಳುತ್ತಿತ್ತು. ಕೇಳುತ್ತ ನಾನೂ ಅವರ ಪಕ್ಕ ಕೂತೆ. ಹೊಸ ಸೊಸೆಯಾಗಿ ಬಂದ ದಿನ ಆ ಮನೆಯಲ್ಲಿ ನನಗೆ ತವರಿನಂತೆ ಕಂಡದ್ದು ಆ ವಾಸನೆಯೊಂದೇ.

ಕೂತವಳು ಬೇಗ ಎದ್ದೆ. ಏಕೆಂದರೆ ಅವರು ಅಲ್ಲೇ ಕಲ್ಲಣ್ಣನಿಗೆ ಹಿಂದಿನ ಕೋಣೆಯಲ್ಲಿ ನೆಲದ ಒಲೆ, ಅದಕ್ಕೊಂದು ಹೊಗೆಗೂಡು ಕಟ್ಟಲು ಹೇಳಿಬಿಟ್ಟರು. ಆ ಖರ್ಚು ಸರಿತೂಗಿಸಲು ಸೋಲಾರ್ ಹಲಗೆ ಕಡಿಮೆ, ಹಾಗಾಗಿ ಬಟ್ಟೆ ಒಗೆಯುವ ಮಷೀನು ಸದ್ಯಕ್ಕೆ ಬೇಡವಂತೆ. ಅಂದರೆ ನಾನು ಕೈಯಲ್ಲಿ ಬಟ್ಟೆ ಒಗೆದು, ನೋಯುವ ಮಂಡಿ ಮಡಚಿ, ಹೊಗೆಯಲ್ಲಿ ಕೂತು ಇವರ ಬಾಲ್ಯವನ್ನು ಬೇಯಿಸಿ ಬಡಿಸಬೇಕು.

“ನೆನಪು ನಿಮ್ಮದು, ಹೊಗಿ ನಂದೇನ್ರಿ?” ಎಂದೆ.

ಕಲ್ಲಣ್ಣ ಅಳತೆಯ ದಾರ ಹಿಡಿದುಕೊಂಡು ನಿಂತೇಬಿಟ್ಟ. ಅವ್ವನನ್ನೇ ಕೇಳೋಣ ಎಂದರು ಇವರು, ಆಗಲೇ ಗೆದ್ದವರ ಹಾಗೆ. ಅತ್ತೆ ಕಲ್ಯಾಣಮ್ಮ ಬೇವಿನ ಗಿಡದ ನೆರಳಲ್ಲಿ ಕೂತು ಎಲ್ಲಾ ಕೇಳಿಸಿಕೊಂಡಿದ್ದರು. ಜನ್ಮವೆಲ್ಲ ಆ ಒಲೆ ಊದಿದವರು ಮಗನ ಕಡೆಗೇ ಹೇಳುತ್ತಾರೆಂದು ನನಗೂ ಖಾತ್ರಿಯಿತ್ತು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಒಲಿ ಕಟ್ಟು ತಮ್ಮಾ. ಆದ್ರ ಈ ಸಲ ನಾ ಊಟಕ್ಕ ಕೂಡೂಕಿ. ಈ ಮನಿಗಿ ಬಂದಾಗಿಂದ ಒಮ್ಮಿನೂ ನಾ ಬಿಸಿ ರೊಟ್ಟಿ ತಿಂದಿಲ್ಲ.”

ಇವರು ಕಲ್ಲಣ್ಣನ ಕೈಯಿಂದ ದಾರ ತೆಗೆದುಕೊಂಡು ಹಿತ್ತಲ ಕಡೆ ನಡೆದರು. ನನಗೂ ಆಗಲೇ ಹೊಳೆದದ್ದು. ಅತ್ತೆ ಬಡಿಯುತ್ತಿದ್ದರು, ನಾನು ನೀಡುತ್ತಿದ್ದೆ, ಕೊನೆಗೆ ಇಬ್ಬರೂ ಬುಟ್ಟಿಯ ತಳದಲ್ಲಿ ಉಳಿದ ತಣ್ಣನೆಯವನ್ನು ತಿನ್ನುತ್ತಿದ್ದೆವು. ಅದರಲ್ಲೇನಾದರೂ ವಿಶೇಷವಿದೆ ಎಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಸೋಲಾರ್ ಪೂರ್ತಿ ಬಂತು, ಮಷೀನೂ ಬಂತು. ಒಲೆ ಹಿತ್ತಲಲ್ಲಿ, ಉಳಿದ ಇಟ್ಟಿಗೆಯಲ್ಲಿ, ನಿಂತು ಮಾಡುವಷ್ಟು ಎತ್ತರಕ್ಕೆ ಎದ್ದಿತು. ಬಯಲಲ್ಲಿ ಹೊಗೆಗೂಡಿನ ಖರ್ಚೂ ಇಲ್ಲ.

ಗೃಹಪ್ರವೇಶದ ಮರುದಿನ ನಾನು ಹಿಟ್ಟು ನಾದಿ ಬಡಿದೆ. ಊದುವ ಕೆಲಸ ಇವರದು. ಕಣ್ಣು, ಮೂಗು ಎಲ್ಲಾ ಸುರಿಯುತ್ತಿತ್ತು, ನನಗೆ ಒಳಗೊಳಗೇ ಸಮಾಧಾನ. ಅತ್ತೆ ಕುರ್ಚಿಯಲ್ಲಿ ತೊಡೆಯ ಮೇಲೆ ತಾಟಿಟ್ಟುಕೊಂಡು ಕಾಯುತ್ತಿದ್ದರು. ಕೆಂಡದಿಂದ ತೆಗೆದ ಮೊದಲ ರೊಟ್ಟಿಯನ್ನು ಇವರೇ ಒಯ್ದು ಹಾಕಿದರು.

ಅತ್ತೆ ಮುರಿದರು, ಹಬೆ ಬಂತು. ಒಂದು ತುತ್ತು ಅಗಿದು, ಕೈ ತಾಟಿನ ಮೇಲೆಯೇ ಬಿಟ್ಟರು. ರೊಟ್ಟಿ ಸರಿಯಾಗಲಿಲ್ಲವೇನೋ ಎಂದು ನನಗೆ ಅಳುಕು.

“ತವರಾಗ, ಮರವಡ್ಯಾಗ, ನಮ್ಮವ್ವ ಹಿಂಗ ಹಾಕತಿದ್ದಳು,” ಎಂದರು. “ಅಕಿ ಮಾರಿನೇ ಮರತಬಿಟ್ಟಿದ್ದೆ ನಾ.”